ವೈರಿಂಗ್ ಡಯಾಗ್ರಾಮ್‌ಗಾದರೆ ನನ್ನ ಓಟು ಪ್ರೊಡಿಮ್ಯಾಂಡ್‌ಗೆ
ಕಾರಿನ ವೈರಿಂಗ್ ಕೆಲಸಕ್ಕೆ ಆಲ್‌ಡೇಟಾ ತಗೊಳ್ಳೋದಾ, ಮಿಚೆಲ್ 1 ಪ್ರೊಡಿಮ್ಯಾಂಡಾ ಅಂತ ಕೇಳಿದ್ದೀರಿ. ಎರಡೂ ಕಾರು ರಿಪೇರಿ ಮಾಹಿತಿಯನ್ನು ಚಂದಾ ಮೇಲೆ ಕೊಡುವ ಆನ್‌ಲೈನ್ ಸೇವೆಗಳು. ನಾನಾದರೆ ಪ್ರೊಡಿಮ್ಯಾಂಡ್. ಅವರು ಎಲ್ಲ ಕಂಪನಿಗಳ ಡಯಾಗ್ರಾಮನ್ನೂ ಒಂದೇ ರೀತಿಯಲ್ಲಿ ಬಣ್ಣದಲ್ಲಿ ಮತ್ತೆ ಬಿಡಿಸುತ್ತಾರೆ, ಹಾಗಾಗಿ ಇವತ್ತು ಫೋರ್ಡ್, ನಾಳೆ ಟೊಯೋಟ ಬಂದರೂ ಚಿಹ್ನೆಗಳನ್ನು ಹೊಸದಾಗಿ ಕಲಿಯೋ ಗೋಳಿಲ್ಲ. ಫ್ಯೂಯೆಲ್ ಪಂಪ್ ಅಂತ ಹುಡುಕಿ ನೋಡಿ. ಅದರ ವೈರುಗಳಷ್ಟೇ ಎದ್ದು ಕಾಣುತ್ತವೆ, ಉಳಿದದ್ದು ಮಸುಕಾಗುತ್ತದೆ, ಫ್ಯೂಸಿನಿಂದ ರಿಲೇಗೆ, ಅಲ್ಲಿಂದ ಪಂಪಿಗೆ, ಕೊನೆಗೆ ಗ್ರೌಂಡ್‌ವರೆಗೆ ಬೆರಳಿಟ್ಟುಕೊಂಡೇ ಹೋಗಬಹುದು. ಇದು ನಿಜಕ್ಕೂ ತುಂಬಾ ಸಮಯ ಉಳಿಸುತ್ತದೆ.

ಆಲ್‌ಡೇಟಾ ಕಡಿಮೆ ಅಂತಲ್ಲ. ಕಂಪನಿಯ ಮೂಲ ರಿಪೇರಿ ಮಾಹಿತಿ ಬೇಕು ಅಂದರೆ ಅದೇ ಸರಿ. ಒಂದೇ ಕಾರಿಗೆ ಬೇಕಾದರೆ ಎರಡೂ ಜಾಸ್ತಿಯಾಯಿತು, ಟೊಯೋಟದಂಥ ಕಂಪನಿಗಳು ತಮ್ಮ ರಿಪೇರಿ ಮಾಹಿತಿಗೆ ಒಂದೆರಡು ದಿನದ ಚಂದಾವನ್ನೂ ಕೊಡುತ್ತವೆ, ಅದೇ ಸಾಕು. ಯಾವುದೇ ಇರಲಿ, ಮೊದಲು ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಹಾಕಿಯೇ ಹುಡುಕಿ.