ವಯಸ್ಸಾದ ಗಂಡಸರಿಗೆ ಪದೇ ಪದೇ ಅವಸರವಾಗಿ ಮೂತ್ರ ಬರುವುದು ಮಾತ್ರೆಯಿಲ್ಲದೆ ಹತೋಟಿಗೆ ಬರುತ್ತದೆಯೇ?

ನಿಮಗೆ 67 ವರ್ಷ, ಹಗಲು ಗಂಟೆಗೊಮ್ಮೆ ಓಡಬೇಕು, ರಾತ್ರಿ ನಾಲ್ಕು ಸಲ ಏಳಬೇಕು, ಅದಕ್ಕೇ ನೀರು ಕುಡಿಯುವುದನ್ನು ಅರ್ಧಕ್ಕೆ ಇಳಿಸಿದ್ದೇನೆ ಎಂದು ಬರೆದಿದ್ದೀರಿ. ನನಗೀಗ 71. ನಾನೂ ಮೊದಲು ಇದೇ ತಪ್ಪು ಮಾಡಿದ್ದೆ. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಇನ್ನಷ್ಟು ಕೆಣಕುತ್ತದೆ. ಜೊತೆಗೆ ಮಲಬದ್ಧತೆ ಶುರುವಾಗುತ್ತದೆ, ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ.

ಇನ್ನೂ ತೋರಿಸಿಲ್ಲದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಈ ವಯಸ್ಸಿಗೆ ಪ್ರಾಸ್ಟೇಟ್, ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ, ದೊಡ್ಡದಾಗಿರಬಹುದು. ಸಕ್ಕರೆ ಕಾಯಿಲೆ, ಸೋಂಕು ಇದ್ದರೂ ಹೀಗೇ ಆಗುತ್ತದೆ. ರಕ್ತ, ಉರಿ, ಜ್ವರ ಕಂಡರೆ ತಡಮಾಡಬೇಡಿ. ಮೂತ್ರ ಪೂರ್ತಿ ಕಟ್ಟಿಕೊಂಡರಂತೂ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು.

ನನ್ನ ಕಣ್ಣು ತೆರೆಸಿದ್ದು ಒಂದು ನೋಟ್‌ಬುಕ್. ಮೂರು ದಿನ ಏನು ಕುಡಿದೆ, ಎಷ್ಟು ಹೊತ್ತಿಗೆ ಹೋದೆ, ಎಷ್ಟು ಹೋಯಿತು ಎಂದು ಅಳತೆ ಪಾತ್ರೆ ಹಿಡಿದು ಬರೆದೆ. ಮನೆಯವರು ನಕ್ಕರು, ನಗಲಿ ಬಿಡಿ. 300–400 ಮಿಲಿ ಹಿಡಿಯಬಲ್ಲ ಚೀಲ, ನಾನು ಎಷ್ಟೋ ಸಲ ಬರೀ 100 ಮಿಲಿಗೆ ಓಡಿದ್ದೆ! ಅದರಲ್ಲೂ ಅರ್ಧ ಸಲ ಅವಸರವೇ ಇರಲಿಲ್ಲ. ‘ಹೊರಗೆ ಹೊರಟಿದ್ದೇನಲ್ಲ, ಯಾವುದಕ್ಕೂ ಒಂದ್ಸಲ ಹೋಗಿಬಿಡೋಣ’ ಅಂತ ಸುಮ್ನೆ ಹೋಗಿದ್ದು. ಹೀಗೆ ಮಾಡಿ ಮಾಡಿ ಸ್ವಲ್ಪ ತುಂಬಿದರೂ ಕೂಗುವುದನ್ನು ನಾನೇ ಅದಕ್ಕೆ ಕಲಿಸಿದ್ದೆ.

ಆ ಅಭ್ಯಾಸ ಬಿಡಿಸಲು ಒಂದು ಸಲ ಹೋಗಿ ಬಂದು ಮತ್ತೆ ಹೋಗುವ ನಡುವಿನ ಅಂತರವನ್ನು ವಾರಕ್ಕೆ 15 ನಿಮಿಷದಂತೆ ಹೆಚ್ಚಿಸುತ್ತಾ ಹೋದೆ. ಅವಸರ ಬಂದಾಗ ಓಡಬಾರದು, ಓಡಿದರೆ ಜಾಸ್ತಿಯಾಗುತ್ತದೆ. ನಿಂತಲ್ಲೇ ನಿಂತು, ಹಿಂದಿನಿಂದ ಗಾಳಿ ಹೋಗದಂತೆ ತಡೆಯಲು ಬಿಗಿಹಿಡಿಯುತ್ತೇವಲ್ಲ, ಆ ಸ್ನಾಯುವನ್ನು ಐದಾರು ಸಲ ಬೇಗಬೇಗ ಬಿಗಿದು ಬಿಡಿ. ಮನಸ್ಸು ಬೇರೆ ಕಡೆ ಹೋಗಲಿ. ನಾನು 100ರಿಂದ ಏಳೇಳು ಕಳೆಯುತ್ತಿದ್ದೆ. ಲೆಕ್ಕದಲ್ಲಿ ನಾನು ದಡ್ಡ, ಅದೇ ಅನುಕೂಲವಾಯಿತು! ಒಂದೆರಡು ನಿಮಿಷಕ್ಕೆ ಅವಸರ ಇಳಿಯುತ್ತದೆ, ಆಮೇಲೆ ನಿಧಾನವಾಗಿ ನಡೆದು ಹೋಗಿ. ಮೊದಲ ಎರಡು ವಾರ ಬಟ್ಟೆ ಒದ್ದೆಯಾಗಿದ್ದೂ ಉಂಟು. ಎರಡು ತಿಂಗಳಿಗೆ ಎರಡೂವರೆ ಗಂಟೆ ತಡೆಯುವಷ್ಟಾಯಿತು. ಆದರೆ ಸ್ಕ್ಯಾನ್‌ನಲ್ಲಿ ‘ಹೋದ ಮೇಲೂ ಮೂತ್ರ ಒಳಗೆ ಉಳಿಯುತ್ತಿದೆ’ ಎಂದಿದ್ದರೆ ಡಾಕ್ಟರನ್ನು ಕೇಳದೆ ಹೀಗೆ ತಡೆಯಬೇಡಿ.

ಕಾಫಿ, ಟೀ, ಮದ್ಯ, ಗ್ಯಾಸ್ ತುಂಬಿದ ತಂಪು ಪಾನೀಯ ಎಲ್ಲವೂ ಕೆಣಕುವಂಥವೇ. ಕಾಫಿಯನ್ನು ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ, ಮೆಲ್ಲಗೆ ಇಳಿಸಿ.

ರಾತ್ರಿಯ ಕತೆ ಬೇರೆ. ಮಲಗುವ ಎರಡು–ಮೂರು ಗಂಟೆ ಮುಂಚೆಯೇ ಕುಡಿಯುವುದನ್ನು ನಿಲ್ಲಿಸಿ, ದಿನದ ನೀರು ಹಗಲಲ್ಲೇ ಮುಗಿಯಲಿ. ಸಂಜೆ ಕಾಲು ಊದುತ್ತದೆಯೇ ನೋಡಿ. ಕಾಲಲ್ಲಿ ನಿಂತ ಆ ನೀರು ಮಲಗಿದ ಮೇಲೆ ರಕ್ತಕ್ಕೆ ಸೇರಿ ಮೂತ್ರವಾಗುತ್ತದೆ. ನಾನು ಮಧ್ಯಾಹ್ನದ ಮೇಲೆ ಒಂದು ಗಂಟೆ ದಿಂಬಿನ ಮೇಲೆ ಕಾಲಿಟ್ಟು ಮಲಗುತ್ತೇನೆ. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿದ್ದರೆ ಅದರ ಹೊತ್ತು ಬದಲಿಸಬಹುದೇ ಎಂದು ಡಾಕ್ಟರನ್ನೇ ಕೇಳಿ, ನೀವಾಗಿ ಬದಲಿಸಬೇಡಿ. ಜೋರಾಗಿ ಗೊರಕೆ ಹೊಡೆಯುವವರಾದರೆ ಅದನ್ನೂ ಹೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೂ ರಾತ್ರಿ ಮೂತ್ರಕ್ಕೂ ನಂಟಿದೆ.

ನಾನು ಈಗಲೂ ರಾತ್ರಿ ಒಂದು ಸಲ ಏಳುತ್ತೇನೆ. ಬಚ್ಚಲಿನ ದಾರಿಗೊಂದು ಸಣ್ಣ ದೀಪ ಹಾಕಿಸಿದ್ದೇನೆ. ನೀವೂ ಹಾಕಿಸಿ, ಕತ್ತಲಲ್ಲಿ ಎಡವಿ ಬಿದ್ದು ಸೊಂಟ ಮುರಿದುಕೊಳ್ಳುವುದು ಬೇಡ, ಅಲ್ವಾ?