ಬೇಟೆಯಾಡುವ ಪ್ರಾಣಿಯನ್ನು ತೆಗೆದುಬಿಟ್ಟರೆ ಉಳಿದ ಜೀವಿಗಳು ಹೆಚ್ಚಬೇಕಲ್ಲವೇ?

ಹಾಗೇ ಅನ್ನಿಸುತ್ತದೆ, ಆದರೆ ಎಷ್ಟೋ ಸಲ ಆಗುವುದು ತದ್ವಿರುದ್ಧ.

1963ರಲ್ಲಿ ವಿಜ್ಞಾನಿ ರಾಬರ್ಟ್ ಪೇನ್ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿ, ಬಂಡೆಯೊಂದಕ್ಕೆ ಅಂಟಿದ್ದ ನಕ್ಷತ್ರಮೀನುಗಳನ್ನು ಕಿತ್ತು ಸಮುದ್ರಕ್ಕೆ ಎಸೆಯತೊಡಗಿದರು. ಹೋಲಿಕೆಗೆಂದು ಪಕ್ಕದ ಜಾಗವನ್ನು ಹಾಗೇ ಬಿಟ್ಟರು. ಈ ನಕ್ಷತ್ರಮೀನಿನ ಮುಖ್ಯ ಆಹಾರ ಮಸೆಲ್ ಎಂಬ ಚಿಪ್ಪಿನ ಜೀವಿ. ತಿನ್ನುವವರೇ ಇಲ್ಲವಾದಾಗ ಮಸೆಲ್‌ಗಳು ಬಂಡೆಯನ್ನು ಆವರಿಸುತ್ತ ಹೋದವು, ಪಾಚಿಗೂ ಬಾರ್ನಕಲ್ ಎಂಬ, ಬಂಡೆಗೆ ಅಂಟಿ ಬದುಕುವ ಪುಟ್ಟ ಜೀವಿಗಳಿಗೂ ಅಂಟಿಕೊಳ್ಳಲು ಜಾಗ ಸಿಗಲಿಲ್ಲ. 15 ಇದ್ದ ಜೀವಜಾತಿಗಳು 8ಕ್ಕೆ ಇಳಿದವು.

ಗಮನಿಸಿ, ಬಂಡೆಯ ಮೇಲಿನ ಪೈಪೋಟಿ ಮುಖ್ಯವಾಗಿ ಜಾಗಕ್ಕಾಗಿ. ಅದರಲ್ಲಿ ಗೆಲ್ಲುವ ಜಾತಿಯನ್ನೇ ಬೇಟೆಗಾರ ತಿನ್ನುತ್ತಿದ್ದರೆ ಸೋಲುವವಕ್ಕೂ ನೆಲೆ ಉಳಿಯುತ್ತದೆ. ಇಂಥ ಜೀವಿಯನ್ನು ಪೇನ್ 1969ರಲ್ಲಿ 'ಕೀಸ್ಟೋನ್' ಜಾತಿ ಎಂದು ಕರೆದರು. ಕೀಸ್ಟೋನ್ ಎಂದರೆ ಕಮಾನಿನ ನೆತ್ತಿಯ ಕಲ್ಲು, ಅದನ್ನು ಕಿತ್ತರೆ ಉಳಿದವೂ ಉರುಳುತ್ತವೆ. ಇದಕ್ಕಿಂತ ಚೆನ್ನಾದ ಹೋಲಿಕೆ ನನಗಂತೂ ಕಂಡಿಲ್ಲ.

ಉತ್ತರ ಪೆಸಿಫಿಕ್‌ನಲ್ಲೂ ಹೀಗೇ ಆಯಿತು. ತುಪ್ಪಳಕ್ಕಾಗಿ ಕಡಲ ನೀರುನಾಯಿಗಳನ್ನು ಕೊಂದಾಗ, ಅವು ತಿನ್ನುತ್ತಿದ್ದ ಮುಳ್ಳುಮೈಯ ಸೀ ಅರ್ಚಿನ್‌ಗಳು ಹೆಚ್ಚಿ, ನೀರಿನಡಿಯ ಕೆಲ್ಪ್ (ದೊಡ್ಡ ಕಡಲಪಾಚಿ) ಕಾಡುಗಳನ್ನೇ ಮೇಯ್ದು ಬರಿದು ಮಾಡಿದವು.

ಎಲ್ಲ ಬೇಟೆಗಾರ ಪ್ರಾಣಿಗಳಿಗೂ ಇಷ್ಟು ಪ್ರಭಾವ ಇರುವುದಿಲ್ಲ. ಅವು ಯಾರನ್ನು ತಿನ್ನುತ್ತವೆ ಎಂಬುದರ ಮೇಲೆ ಅದು ನಿಂತಿದೆ.