ಹಿಮದ ನೆರಳು ಯಾವ ಬಣ್ಣ?

ಪ್ರಶ್ನೆ: ಜನವರಿಯಲ್ಲಿ ಮನಾಲಿಗೆ ಹೋಗಿದ್ದೆವು. ಅಲ್ಲಿ ತೆಗೆದ ಫೋಟೊ ನೋಡಿ ಆಯಿಲ್ ಪೇಂಟ್‌ನಲ್ಲಿ ಹಿಮದ ಚಿತ್ರ ಬರೆಯುತ್ತಿದ್ದೇನೆ. ಎರಡು ಟ್ಯೂಬ್ ಬಿಳಿ ಮುಗಿಯಿತು, ಆದರೂ ಸುಣ್ಣ ಹಚ್ಚಿದ ಗೋಡೆಯ ಹಾಗೆ ಕಾಣುತ್ತದೆ. ನೆರಳಿಗೆ ಕಪ್ಪು ಬೆರೆಸಿದರೆ ಹೊಲಸಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ ಸರ್?
- ಓದುಗರು, ವಿಜಯಪುರ

ಉತ್ತರ: ಮೊದಲು ಆ ಕಪ್ಪು ಟ್ಯೂಬ್ ಬದಿಗಿಡಿ. ಹಿಮದ ನೆರಳು ಕಪ್ಪಲ್ಲ, ಬೂದಿಯೂ ಅಲ್ಲ. ನೆರಳಿದ್ದ ಕಡೆ ನೇರ ಬಿಸಿಲಿಲ್ಲ, ಮೇಲಿನ ಆಕಾಶದ ಬೆಳಕಷ್ಟೇ ಬೀಳುತ್ತದೆ, ಆಕಾಶ ನೀಲಿ ಇದ್ದರೆ ನೆರಳೂ ನೀಲಿ. ಹೊಸದಾಗಿ ಬಿದ್ದ ಹಿಮ ತನ್ನ ಮೇಲಿನ ಬೆಳಕಿನಲ್ಲಿ ಶೇಕಡ 80ಕ್ಕೂ ಜಾಸ್ತಿ ವಾಪಸ್ ಕಳಿಸುತ್ತದೆ, ಅದಕ್ಕೇ ಆ ನೀಲಿ ಅಷ್ಟು ಎದ್ದು ಕಾಣುವುದು.

ಇದನ್ನು ನೋಡೋಕೆ ಮತ್ತೆ ಮನಾಲಿಗೆ ಹೋಗಬೇಕಿಲ್ಲ. ನಾಳೆ ಬೆಳಗ್ಗೆ 7 ಗಂಟೆಗೆ ಒಂದು ಬಿಳಿ ಧೋತರ ತಗೊಂಡು ಮಾಳಿಗೆ ಹತ್ತಿ. ಎರಡು ಇಟ್ಟಿಗೆ, ಒಂದು ತಲೆದಿಂಬು ಇಟ್ಟು ಅವುಗಳ ಮೇಲೆ ಹರವಿ, ಅಲ್ಲಲ್ಲಿ ನೆರಿಗೆ ಬೀಳಲಿ. ಹತ್ತು ನಿಮಿಷ ಸುಮ್ನೆ ಕೂತು ನೋಡಿ. ಬಿಸಿಲಿನ ಮಗ್ಗುಲು ಬೆಣ್ಣೆಯ ಬಣ್ಣ, ನೆರಿಗೆಯ ಒಳಗೆ ನೀಲಿ, ಕೆಲವು ಕಡೆ ತುಸು ನೇರಳೆ. ಈಗ ಒಂದು ರಟ್ಟಿನ ತುಂಡಿಗೆ ನಿಮ್ಮ ಬಿಳಿ ಬಣ್ಣ ಬಳಿದು, ಬಿಸಿಲಲ್ಲಿ ಆ ನೆರಳಿನ ಪಕ್ಕಕ್ಕೇ ಹಿಡಿಯಿರಿ. ನೆರಳು ನೀವು ಅಂದುಕೊಂಡಿದ್ದಕ್ಕಿಂತ ಎಷ್ಟು ಗಾಢ ಇದೆ ಅಂತ ಆಗ ಗೊತ್ತಾಗುತ್ತದೆ. ಫೋಟೊದಲ್ಲಿ ಈ ಸೂಕ್ಷ್ಮ ಬಹುಮಟ್ಟಿಗೆ ಕಳೆದುಹೋಗಿರುತ್ತದೆ, ಫೋಟೊ ನಂಬಿ ಬರೆಯುವವರು ಎಡವುವುದೇ ಇಲ್ಲಿ.

ಕ್ಯಾನ್ವಾಸಿಗೆ ಮೊದಲು ಬರ್ಂಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು ಬಣ್ಣ) ತೆಳ್ಳಗೆ ಬಳಿದು ಒಣಗಿಸಿ. ಬಿಳಿ ಕ್ಯಾನ್ವಾಸಿನ ಮೇಲೆ ಯಾವ ಬಣ್ಣವೂ ಕಪ್ಪಗೆ ಕಾಣುತ್ತದೆ, ಅಳತೆ ತಪ್ಪುತ್ತದೆ. ಆಮೇಲೆ ನೆರಳಿನಿಂದಲೇ ಶುರು ಮಾಡಿ: ಬಿಳಿಗೆ ಅಲ್ಟ್ರಾಮರೀನ್ ನೀಲಿ, ನೀಲಿ ಜಾಸ್ತಿ ಆದರೆ ಚೂರು ಬರ್ಂಟ್ ಸಿಯೆನ್ನಾ. ಬಿಸಿಲಿಗೆ ಬಿಳಿ ಜೊತೆ ಸೂಜಿ ಮೊನೆಯಷ್ಟು ಯೆಲ್ಲೊ ಓಕರ್, ಅಂದರೆ ಮಣ್ಣಿನ ಹಳದಿ. ಬರೀ ಬಿಳಿ ಕೊನೆಗೆ, ಎರಡು ಮೂರು ಕಡೆ ಮಾತ್ರ, ದಪ್ಪಗೆ, ಬಣ್ಣ ಹಚ್ಚುವ ನೈಫಿನಿಂದ. ಎಲ್ಲ ಕಡೆ ಬಿಳಿ ಹಚ್ಚಿಬಿಟ್ಟರೆ ಹೊಳಪು ತೋರಿಸೋಕೆ ನಿಮ್ಮ ಹತ್ತಿರ ಏನೂ ಉಳಿಯುವುದಿಲ್ಲ ಅಲ್ವಾ?

ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆ 1868-69ರಲ್ಲಿ ಬರೆದ 'ದ ಮ್ಯಾಗ್ಪೈ' ಚಿತ್ರವನ್ನು ನೆಟ್‌ನಲ್ಲಿ ದೊಡ್ಡದು ಮಾಡಿ ನೋಡಿ. ಬೇಲಿಯ ನೆರಳು ಹಿಮದ ಮೇಲೆ ನೀಲಿಯಾಗಿ ಚಾಚಿಕೊಂಡಿದೆ. 1869ರ ಪ್ಯಾರಿಸ್ ಸಲೋನ್ ಎಂಬ ಅಧಿಕೃತ ಕಲಾ ಪ್ರದರ್ಶನಕ್ಕೆ ಆ ಚಿತ್ರವನ್ನು ತಗೊಳ್ಳಲಿಲ್ಲ. ಇವತ್ತು ಅದು ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಮ್ಮಿನಲ್ಲಿದೆ. ನನಗೆ ತುಂಬ ಪ್ರೀತಿಯ ಚಿತ್ರ ಅದು.

ಪ್ರಶ್ನೆ: ನನ್ನ ಹಿಮದ ಚಿತ್ರವನ್ನು ಬಟ್ಟೆ ಸುತ್ತಿ ಟ್ರಂಕಿನಲ್ಲಿಟ್ಟಿದ್ದೆ. ಒಂದು ವರ್ಷಕ್ಕೆ ಬಿಳಿಯೆಲ್ಲ ಹಳದಿಯಾಗಿದೆ. ಬಣ್ಣ ಕೆಟ್ಟಿದ್ದಾ?
- ಓದುಗರು, ಬಾಗಲಕೋಟೆ

ಉತ್ತರ: ಹಳದಿಯಾಗಿದ್ದು ಆಯಿಲ್ ಪೇಂಟ್‌ನಲ್ಲಿರುವ ಲಿನ್ಸೀಡ್ ಎಣ್ಣೆ. ಲಿನ್ಸೀಡ್ ಅಂದರೆ ನಾವು ಚಟ್ನಿ ಮಾಡುವ ಅದೇ ಅಗಸಿ. ಅದರ ಎಣ್ಣೆ ಗಟ್ಟಿಯಾಗಿ ಒಣಗುತ್ತದೆ, ಆದರೆ ಕತ್ತಲಲ್ಲಿಟ್ಟರೆ ಹಳದಿ ತಿರುಗುತ್ತದೆ. ಮುಂದೆ ಮೇಲಿನ ಪದರದ ಬಿಳಿಗೆ ಕುಸುಬೆ ಎಣ್ಣೆ ಬಳಸಿ, ಅಷ್ಟು ಹಳದಿಯಾಗುವುದಿಲ್ಲ. ಒಣಗಲು ಮಾತ್ರ ಜಾಸ್ತಿ ದಿನ ಬೇಕು. ನಮ್ಮ ಕಡೆ ಕುಸುಬೆ ಮನೆಮನೆಯಲ್ಲಿದೆ ಅಂತ ಅಡುಗೆ ಎಣ್ಣೆ ಸುರಿಯಬೇಡಿ, ಒಣಗದೆ ಅಂಟಂಟಾಗಿ ಉಳಿಯಬಹುದು. ಪೇಂಟಿಂಗ್‌ಗೆ ಅಂತಲೇ ಮಾರುವುದನ್ನು ತನ್ನಿ.

ಈಗಿನ ಚಿತ್ರವನ್ನು ತೊಳೆಯಲು, ಒರೆಸಲು ಹೋಗಬೇಡಿ. ಟ್ರಂಕಿನಿಂದ ತೆಗೆದು, ನೇರ ಬಿಸಿಲು ಬೀಳದ ಕಿಟಕಿಯ ಹತ್ತಿರ ಕೆಲವು ವಾರ ಇಡಿ. ಕತ್ತಲಿಗೆ ಬಂದ ಹಳದಿ ಬೆಳಕಿಗೆ ಬಹಳಷ್ಟು ಇಳಿಯುತ್ತದೆ.